ಮಂದ ಬೆಳಕಿನ ನಡಿಗೆ ಪರೀಕ್ಷೆಗೆ ಅಗ್ಗದ ಲಕ್ಸ್ ಮೀಟರ್ ಸಾಕೇ?

ಎಲೆಕ್ಟ್ರಿಷಿಯನ್‌ಗಳ ಕೈಯಲ್ಲಿರುವಂಥ, 0.1 ಲಕ್ಸ್‌ವರೆಗೆ ತೋರಿಸುವ ಮೀಟರ್ ಇದು. ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆಯೇ ಲಕ್ಸ್. ಸೆನ್ಸರ್ ವಯರಿನ ತುದಿಯಲ್ಲಿ ಬೇರೆಯಾಗಿರುತ್ತದೆ. ಕಾಸರಗೋಡು, ಬದಿಯಡ್ಕ ಕಡೆ ಇರುಳುಗಣ್ಣಿನವರನ್ನು ಮಂದ ಬೆಳಕಿನಲ್ಲಿ ನಡೆಸಿ ದೃಷ್ಟಿ ಅಳೆಯಲು ಕೋಣೆ ಸಜ್ಜುಮಾಡುವವರು 50 ಲಕ್ಸ್‌ನಿಂದ ಮೇಲಕ್ಕೆ ಇದನ್ನು ಧಾರಾಳವಾಗಿ ಬಳಸಬಹುದು. ಪರೀಕ್ಷೆಯ ತೀರ ಮಂದ ಹಂತಗಳಾದ 4 ಲಕ್ಸ್‌ಗೂ 1 ಲಕ್ಸ್‌ಗೂ ಮಾತ್ರ ನಂಬಬೇಡಿ.

ಕಾರಣ ಕೈಪಿಡಿಯಲ್ಲೇ ಸಿಗುತ್ತದೆ. ಇಂಥ ಮೀಟರುಗಳ ನಿಖರತೆಯನ್ನು ‘±4%, ±10 ಅಂಕಿ’ ಎಂಬಂತೆ ಬರೆದಿರುತ್ತಾರೆ. ಕೊನೆಯ ಸ್ಥಾನದ ಹತ್ತು ಅಂಕಿ ಎಂದರೆ ಪೂರಾ 1 ಲಕ್ಸ್. ತೆರೆಯಲ್ಲಿ 1.0 ಇದ್ದರೂ ನೆಲದ ಮೇಲೆ ಕಗ್ಗತ್ತಲೆ ಇರಬಹುದು, 2 ಲಕ್ಸ್ ಕೂಡ ಇರಬಹುದು. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆನುವಂಶಿಕ ದೃಷ್ಟಿದೋಷದ ಜೀನ್ ಚಿಕಿತ್ಸೆ ಲಕ್ಸ್‌ಟರ್ನಾದ ಪ್ರಯೋಗದಲ್ಲಿ ಈ ನಡಿಗೆ ಪರೀಕ್ಷೆಗೆ ಬೆಳಕಿನ ಏಳು ಹಂತಗಳಿದ್ದವು: 400, 250, 125, 50, 10, 4, 1 ಲಕ್ಸ್. ಬಾಣದ ಗುರುತು ಹಿಡಿದು, ಅಡ್ಡಿಗಳನ್ನು ತಪ್ಪಿಸಿ ನಡೆಯಬೇಕಿತ್ತು. ವರ್ಷದ ಬಳಿಕ ಚಿಕಿತ್ಸೆ ಪಡೆದವರ ಸರಾಸರಿ ಸುಧಾರಣೆ 1.8 ಹಂತ, ಪಡೆಯದವರದು 0.2. ಒಂದೊಂದು ಹಂತಕ್ಕೂ ಇಷ್ಟು ಬೆಲೆ ಇರುವಲ್ಲಿ ಕೆಳಗಿನ ಎರಡು ಹಂತಗಳನ್ನು ಅಂದಾಜಿನ ಮೇಲೆ ಬಿಡುವುದು ರೋಗಿಗೇ ಮಾಡುವ ಅನ್ಯಾಯ.

ಆದರೂ ಇದೇ ಮೀಟರಿನಿಂದ 1 ಲಕ್ಸ್ ಹೊಂದಿಸುವ ದಾರಿಯೊಂದಿದೆ. ದೀಪ ಹಾಕಿ ಅರ್ಧ ಗಂಟೆ ಬಿಡಿ. ಎಲ್‌ಇಡಿ ಬಿಸಿಯಾದಂತೆ ಬೆಳಕು ಇಳಿಯುತ್ತದೆ. ಸೆನ್ಸರಿಗೆ ಮುಚ್ಚಳ ಹಾಕಿ ಮೀಟರು ಸೊನ್ನೆ ತೋರಿಸುತ್ತದೆಯೇ ನೋಡಿ. 0.9 ಸಾಂದ್ರತೆಯ ಬೂದು ಫಿಲ್ಟರ್ ಹಾಳೆ ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುತ್ತದೆ. ಪ್ರತಿ ಹಾಳೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ: 400 ಲಕ್ಸ್ 50ಕ್ಕೆ ಇಳಿಯಬೇಕು. ಬಳಿಕ ನೆಲದಲ್ಲಿ 64 ಲಕ್ಸ್ ಹೊಂದಿಸಿ, ದೀಪಕ್ಕೆ ಎರಡು ಹಾಳೆ ಒಟ್ಟಿಗೆ ಕಟ್ಟಿದರೆ 1 ಲಕ್ಸ್. ಡಿಮ್ಮರ್ ತಿರುಗಿಸಿ ಇಳಿಸುವುದಕ್ಕಿಂತ ಇದು ಎಷ್ಟೋ ವಾಸಿ. ತೀರ ಕೆಳಗಿಳಿಸಿದಾಗ ಹಲವು ಎಲ್‌ಇಡಿಗಳು ಮಿನುಗುತ್ತವೆ.

ಅಳತೆ ನಡುಮಧ್ಯದಲ್ಲಷ್ಟೇ ಅಲ್ಲ, ದಾರಿಯ ಉದ್ದಕ್ಕೂ, ಮೂಲೆಗಳಲ್ಲೂ ಆಗಲಿ. ವಯರನ್ನು ಪೂರ್ತಿ ಎಳೆದು ದೂರ ನಿಲ್ಲಿ. ಬಿಳಿ ಮುಂಡು, ಬಿಳಿ ಅಂಗಿ ಬೆಳಕನ್ನು ಹಿಂದಕ್ಕೆ ಎರಚುತ್ತವೆ, ಕಪ್ಪು ಬಟ್ಟೆ ಉಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಇನ್ವರ್ಟರ್ ಹತ್ತಿಕೊಂಡರೆ ಮತ್ತೆ ಅಳೆಯಲೇಬೇಕು.

ಬಾಗಿಲ ಸಂದಿ, ಇನ್ವರ್ಟರಿನ ಕೆಂಪು ಚುಕ್ಕಿ, ಎ.ಸಿ.ಯ ಅಂಕಿ ಇವು ಮೀಟರಿಗೆ 0.0. ಪರೀಕ್ಷೆಗೆ ಮೊದಲು 40 ನಿಮಿಷ ಕತ್ತಲಲ್ಲಿ ಕೂತ ಕಣ್ಣಿಗೆ ಇವೆಲ್ಲ ಕಾಣುತ್ತವೆ. ಹಾಗಾಗಿ ಸಿಬ್ಬಂದಿಯಲ್ಲೊಬ್ಬರು ಅಷ್ಟೇ ಹೊತ್ತು ಕೂತು ಸೋರುವ ಜಾಗ ಹುಡುಕಿ ಕಪ್ಪು ಟೇಪು ಹಚ್ಚಬೇಕು.

ನಿಜವಾದ ಪ್ರಯೋಗಕ್ಕೆ ದತ್ತಾಂಶ ಕಳಿಸುವುದಾದರೆ ಇದನ್ನು ಕೊಳ್ಳಬೇಡಿ, 0.01 ಲಕ್ಸ್ ತೋರಿಸುವ, ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ತಾಳೆ ನೋಡಿಸಿದ ಮೀಟರೇ ಬೇಕು.