ಓಪನ್ ಸ್ಟುಡಿಯೋಗೆ ಜಾಲರಿ ಪ್ಯಾನೆಲ್: ತೂಕಕ್ಕೆ ಸೈ, ಅಗಲಕ್ಕೆ ಅಲ್ಲ

ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಹೊಡೆಯಬಹುದಾದ ಗೋಡೆಯನ್ನು ಬಣ್ಣದ ಕಪಾಟು ನುಂಗಿದೆ. ಓಪನ್ ಸ್ಟುಡಿಯೋ ಮಾಡಹೊರಟ, ಎಂದರೆ ತಮ್ಮ ಕೆಲಸದ ಕೋಣೆಯನ್ನೇ ನೋಡುಗರಿಗೆ ತೆರೆದಿಡಹೊರಟ ಕಲಾವಿದರು ಜಾಲರಿ ಪ್ಯಾನೆಲ್ ಹುಡುಕುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಅಂಗಡಿಗಳಲ್ಲಿ ಬಟ್ಟೆ, ಬ್ಯಾಗು ನೇತುಹಾಕುತ್ತಾರಲ್ಲ, ಅದೇ ಉಕ್ಕಿನ ಜಾಲರಿ: 2 ಅಡಿ ಅಗಲ, 6 ಅಡಿ ಎತ್ತರ, 3 ಇಂಚಿಗೊಂದು ತಂತಿ. ಭಾರ ಹೊರುವುದರಲ್ಲಿ ತಕರಾರಿಲ್ಲ, ಗಾಜು ಹಾಕಿದ ಚೌಕಟ್ಟನ್ನೂ ನಿರಾಯಾಸವಾಗಿ ಹಿಡಿಯುತ್ತದೆ. ತೊಡಕಿರುವುದು ಅಗಲದಲ್ಲಿ.

ಪ್ಯಾನೆಲ್ ತಾನಾಗಿ ನಿಲ್ಲದು. ಮೂರನ್ನು ಅಂಕುಡೊಂಕಾಗಿ ಸೇರಿಸಿ, ಪ್ರತಿ ಕೂಡಿನಲ್ಲೂ ಮೇಲೆ, ನಡುವೆ, ಕೆಳಗೆ ಕೇಬಲ್ ಟೈ ಬಿಗಿಯಬೇಕು. ಜೊತೆಗೆ ಬರುವ ಲೋಹದ ಕ್ಲಿಪ್ಪಿಗಿಂತ ಟೈ ವಾಸಿ, ಬಾಗಿಲ ತಿರುಗಣಿಯಂತೆ ಕೋನ ಬದಲಿಸಲು ಬಿಡುತ್ತದೆ. ಎರಡು ಪ್ಯಾನೆಲ್ ನಡುವಿನ ಕೋನ 90 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಗಟ್ಟಿ. ನೆಟ್ಟಗಾದಷ್ಟೂ ಓಲಾಡುತ್ತದೆ. ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಯಾರದೋ ಹೆಗಲಚೀಲ ತಾಗಿದರೂ ಸಾಲು ಸಾಲೇ ಮಗುಚಬಹುದು.

ಇಲ್ಲೇ ಅಗಲದ ಪ್ರಶ್ನೆ ಬರುವುದು. ಅಂಕುಡೊಂಕಾಗಿ ನಿಂತ ಜಾಲರಿಯಲ್ಲಿ 24 ಇಂಚಿಗಿಂತ ಅಗಲದ ಕ್ಯಾನ್ವಾಸ್ ಸಮತಟ್ಟಾಗಿ ಕೂರುವುದಿಲ್ಲ. ಎರಡು ಪ್ಯಾನೆಲ್ ನೆಟ್ಟಗೆ ಮಾಡಿ ಅದರ ಮೇಲೆ 36 ಇಂಚಿನದನ್ನು ಹಾಕುತ್ತೇನೆಂದರೆ ಟಿ ಆಕಾರದ ಕಾಲುಗಳನ್ನು ಬೇರೆಯಾಗಿ ಕೊಳ್ಳಬೇಕು. ಆ ಕಾಲುಗಳು ಹಾದಿಗೆ ಚಾಚುತ್ತವೆ, ಚಿತ್ರದ ಮೇಲೆ ಕಣ್ಣಿಟ್ಟು ನಡೆಯುವವರು ಎಡವುತ್ತಾರೆ. ನಡೆಯುವ ದಾರಿಯನ್ನು ಗೋಡೆಯಿಂದಲ್ಲ, ಕಾಲಿನ ತುದಿಯಿಂದ ಅಳೆಯಿರಿ. ಗಾಲಿಕುರ್ಚಿ ಹಾಯಲು 90 ಸೆಂ.ಮೀ. ಬೇಕೇ ಬೇಕು, 120 ಇದ್ದರೆ ನಿಂತು ನೋಡುವವರ ಹಿಂದೆ ಇನ್ನೊಬ್ಬರು ದಾಟಬಹುದು. ದೊಡ್ಡ ಕ್ಯಾನ್ವಾಸುಗಳೇ ಹೆಚ್ಚಿರುವವರು ಈ ಪ್ಯಾನೆಲ್ ಕೊಳ್ಳುವುದು ಬೇಡ. ಇರುವ ಒಂದು ಗೋಡೆಯನ್ನೇ ಖಾಲಿ ಮಾಡಿಕೊಳ್ಳಲಿ.

ನೇತುಹಾಕುವ ಲೆಕ್ಕ ಮೊದಲೇ ಮಾಡಿಕೊಂಡರೆ ಅರ್ಧ ದಿನ ಉಳಿಯುತ್ತದೆ. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಇರಬೇಕೆಂಬುದು ಗ್ಯಾಲರಿಗಳ ರೂಢಿ. 58 ಎಂದಿಟ್ಟುಕೊಳ್ಳೋಣ. 36 ಇಂಚು ಎತ್ತರದ ಕ್ಯಾನ್ವಾಸಿನ ಮೇಲಂಚು ಆಗ 76ಕ್ಕೆ ಬರುತ್ತದೆ, ಪ್ಯಾನೆಲ್ ಇರುವುದೇ 72. ಡಿ ರಿಂಗನ್ನು (ತೂಗುಹಾಕಲು ಚೌಕಟ್ಟಿನ ಬೆನ್ನಿಗೆ ಹೊಡೆಯುವ ಡಿ ಆಕಾರದ ಬಳೆ) ಮೇಲಂಚಿನಲ್ಲೇ ಹೊಡೆದಿದ್ದರೆ ಚಿತ್ರ ಆ ಎತ್ತರಕ್ಕೆ ಏರುವುದೇ ಇಲ್ಲ. ಅಂಚಿನಿಂದ 9 ಇಂಚು ಕೆಳಗಿದ್ದರೆ ರಿಂಗ್ 67ರಲ್ಲಿ ಬರುತ್ತದೆ, ಕೊಕ್ಕೆಗೆ ಜಾಗ ಸಿಗುತ್ತದೆ.

ಚಿತ್ರದ ಬೆನ್ನಿಗೆ ಕಟ್ಟಿದ ತಂತಿಯನ್ನು ಒಂದೇ ಕೊಕ್ಕೆಗೆ ಸಿಕ್ಕಿಸಬೇಡಿ, ಯಾರಾದರೂ ಮುಟ್ಟಿದಾಗಲೆಲ್ಲ ಚಿತ್ರ ವಾಲುತ್ತದೆ. ಎರಡು ಎಸ್ ಕೊಕ್ಕೆ ಹಾಕಿ ನೇರವಾಗಿ ರಿಂಗಿಗೇ ತೂಗಿಸಿ. ಅಡ್ಡತಂತಿಯ ಮೇಲೆ ಕೊಕ್ಕೆಗಳನ್ನು ರಿಂಗುಗಳ ನಡುವಿನ ಅಳತೆಗೆ ಸರಿಸಿಕೊಳ್ಳಬಹುದು. ಎತ್ತರ ಮಾತ್ರ 3 ಇಂಚಿನ ಹೆಜ್ಜೆಯಲ್ಲೇ ಬದಲಾಗುವುದರಿಂದ ಉದ್ದ, ಗಿಡ್ಡ ಎರಡು ಬಗೆಯ ಕೊಕ್ಕೆ ಇಟ್ಟುಕೊಳ್ಳಿ.

10 ಇಂಚಿಗಿಂತ ಚಿಕ್ಕ ಕೃತಿಗಳಿಗೆ ಜಾಲರಿ ಶತ್ರು. ಹಿಂದಿನ ಚೌಕಗಳೇ ಕಣ್ಣು ಸೆಳೆದು ರೇಖಾಚಿತ್ರ ಸೊರಗುತ್ತದೆ. ಬೂದು ಹತ್ತಿಬಟ್ಟೆ ಹೊದಿಸಿದರೆ ಈ ಕಿರಿಕಿರಿ ತಪ್ಪುತ್ತದೆ, ಆಚೆ ಬದಿಯ ಚಿತ್ರದ ಬೆನ್ನೂ ಮರೆಯಾಗುತ್ತದೆ. ಆದರೆ ಬಟ್ಟೆ ಹೊದ್ದ ಪ್ಯಾನೆಲ್ ಗಾಳಿಗೆ ಎದೆಗೊಡುತ್ತದೆ. ಬಾಗಿಲಿನ ಎದುರು ನಿಲ್ಲಿಸಬೇಡಿ, ನಿಲ್ಲಿಸಲೇಬೇಕಿದ್ದರೆ ಬುಡಕ್ಕೆ ಮರಳುಚೀಲ ಹೇರಿ. ಚೌಕಟ್ಟಿಲ್ಲದ ಪ್ರಿಂಟುಗಳನ್ನು ಪಾಲಿಪ್ರೊಪಿಲೀನ್ ಲಕೋಟೆಯಲ್ಲಿ, ಹಿಂದೆ ಆಮ್ಲರಹಿತ ರಟ್ಟಿಟ್ಟು, ಮೇಜಿನ ಮೇಲಿನ ತೆರೆದ ಪೆಟ್ಟಿಗೆಯಲ್ಲಿ ಇಡುವುದೇ ಮೇಲು. ಪಿವಿಸಿ ಲಕೋಟೆ ಮಾತ್ರ ಬೇಡ, ಕಾಲಕ್ರಮೇಣ ಅದು ಶಾಯಿಗೆ ಅಂಟಿಕೊಳ್ಳುತ್ತದೆ.

ಕ್ಲಿಪ್ ದೀಪಗಳ ಜಾಹೀರಾತು ನಂಬುವಂಥದ್ದಲ್ಲ. ಪ್ಯಾನೆಲ್ ತುದಿಗೇ ಕಚ್ಚಿಸಿದ ದೀಪದ ಬೆಳಕು ಚಿತ್ರವನ್ನು ಸವರಿಕೊಂಡು ಕೆಳಗಿಳಿಯುತ್ತದೆ, ಕುಂಚದ ಪ್ರತಿ ಉಬ್ಬೂ ನೆರಳಾಗುತ್ತದೆ. ಲಂಬಕ್ಕೆ 30 ಡಿಗ್ರಿ ಓರೆ ಬೇಕು. ದೀಪ ಚಿತ್ರದ ನಡುವಿನಿಂದ 24 ಇಂಚು ಮೇಲಿದ್ದರೆ ಸುಮಾರು 14 ಇಂಚು ಮುಂದಕ್ಕಿರಬೇಕು. ಅಷ್ಟುದ್ದ ತೋಳಿಲ್ಲದ ದೀಪಕ್ಕೆ ದುಡ್ಡು ಸುರಿಯಬೇಡಿ. ದೀಪದ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ ಅಳತೆ) 90ಕ್ಕಿಂತ ಕಡಿಮೆಯಿದ್ದರೆ ಕೆಂಪು, ಕಂದು ಬಣ್ಣಗಳು ಮಂಕಾಗುತ್ತವೆ. ಜಲವರ್ಣಕ್ಕೆ ಪ್ರಖರ ಬೆಳಕೇ ಬೇಡ, ಸಂಗ್ರಹಾಲಯಗಳು ಅದಕ್ಕೆ 50 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಮಿತಿ ಇಟ್ಟುಕೊಳ್ಳುತ್ತವೆ.

ಪ್ಯಾನೆಲ್ ಬಣ್ಣದಲ್ಲಿ ಮ್ಯಾಟ್ ಕಪ್ಪು ಆರಿಸಿ. ಕ್ರೋಮ್ ಲೇಪದ್ದು ದೀಪದ ಕೆಳಗೆ ಮಿನುಗಿ ಚಿತ್ರದ ಜೊತೆ ಪೈಪೋಟಿಗಿಳಿಯುತ್ತದೆ. ಕೊಳ್ಳುವ ಮುನ್ನ ಒಂದರ ಮೇಲೊಂದು ಮಲಗಿಸಿ ನೋಡಿ: ತಂತಿಗಳು ತಾಳೆಯಾಗದಿದ್ದರೆ ವೆಲ್ಡಿಂಗ್ ಸೊಟ್ಟಗಿದೆ ಎಂದರ್ಥ, ಸಾಲಾಗಿ ನಿಲ್ಲಿಸಿದಾಗ ಕೊಕ್ಕೆಗಳ ಮಟ್ಟ ಏರುಪೇರಾಗುತ್ತದೆ. ತಂತಿಯ ತುದಿಗಳ ಮೇಲೆ ಬಟ್ಟೆ ಎಳೆದು ನೋಡಿ, ಸಿಕ್ಕಿಕೊಂಡರೆ ಕ್ಯಾನ್ವಾಸನ್ನೂ ಅದು ಬಿಡುವುದಿಲ್ಲ. ಮಡಚಲು ಬಾರದ 6 ಅಡಿ ಉದ್ದ ಸಣ್ಣ ಕಾರಿಗೆ ಹಿಡಿಸುವುದು ಕಷ್ಟ. ಒಟ್ಟಿಡುವಾಗ ನಡುವೆ ತೆಳು ಫೋಮ್ ಹಾಸಿ. ಉಜ್ಜಾಟಕ್ಕೆ ಪೌಡರ್ ಕೋಟಿಂಗ್ ಕಿತ್ತ ಜಾಗದಲ್ಲಿ ತುಕ್ಕು ಹಿಡಿದರೆ ಮುಂದಿನ ಪ್ರದರ್ಶನದಲ್ಲಿ ಕ್ಯಾನ್ವಾಸಿನ ಬೆನ್ನಿಗೆ ಕಂದು ಕಲೆ ಹತ್ತುತ್ತದೆ.