ಬಂಕರ್ ಹೊಡೆತ: ಫೇಸ್ ತೆರೆದು ಕತ್ತರಿಸೋದಾ, ನೇರವಾಗಿ ನಿಂತು ಬೀಸೋದಾ?

ಗಾಲ್ಫ್‌ನಲ್ಲಿ ಬಂಕರ್ ಆಟ, ಅಂದರೆ ಮರಳುಗುಂಡಿಯಿಂದ ಚೆಂಡನ್ನು ಹೊರಗೆ ಹೊಡೆಯುವುದನ್ನು ಕಲಿಸುವವರಲ್ಲಿ ಎರಡು ಪಂಗಡಗಳಿವೆ. ಹಳೆಯ ಪಂಗಡದವರು ಕ್ಲಬ್‌ಫೇಸ್ (ಚೆಂಡಿಗೆ ತಾಗುವ ಕ್ಲಬ್‌ನ ಮುಖ) ಪೂರ್ತಿ ತೆರೆಯಿರಿ, ಅಂದರೆ ಬಲಕ್ಕೆ, ಮೇಲ್ಮುಖವಾಗಿ ತಿರುಗಿಸಿ, ಪಾದಗಳನ್ನು ಗುರಿಯ ಎಡಕ್ಕೆ ತಿರುಗಿಸಿ, ಹೊರಗಿನಿಂದ ಒಳಕ್ಕೆ ಕತ್ತರಿಸಿದ ಹಾಗೆ ಬೀಸಿ ಎನ್ನುತ್ತಾರೆ. ಇಷ್ಟೆಲ್ಲ ಸರ್ಕಸ್ ಯಾಕೆ, ಗುರಿಗೆ ನೇರವಾಗಿ ನಿಂತು, ಕಾಲು ಅಗಲಿಸಿ, ಮಂಡಿ ಚೆನ್ನಾಗಿ ಬಗ್ಗಿಸಿ ನೇರವಾಗಿಯೇ ಬೀಸಿ ಅನ್ನೋದು ಇನ್ನೊಂದು ಪಂಗಡ. ಎರಡನ್ನೂ ನಾನು ಬೆಂಗಳೂರಿನ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಆಡಿ ನೋಡಿದ್ದೇನೆ. ಬಲಗೈ ಆಟಗಾರರ ಲೆಕ್ಕದಲ್ಲಿ ಬರೆಯುತ್ತಿದ್ದೇನೆ. ಎಡಗೈಯವರು ಉಲ್ಟಾ ಓದಿಕೊಳ್ಳಬೇಕು.

ಎರಡು ದಾರಿಯಲ್ಲೂ ಬದಲಾಗದ ವಿಷಯ ಒಂದಿದೆ. ಕ್ಲಬ್ ಚೆಂಡಿಗೆ ತಾಗಬಾರದು. ಚೆಂಡಿನ ಒಂದೆರಡು ಇಂಚು ಹಿಂದೆ ಮರಳಿಗೆ ಇಳಿದು, ಚೆಂಡಿನ ಕೆಳಗೆ ಜಾರಿ, ಮುಂದೆ ಹೊರಬರಬೇಕು. ಮರಳೇ ಚೆಂಡನ್ನು ಎತ್ತಿ ಹಾಕುತ್ತದೆ. ಹೀಗೆ ಜಾರಿಸುವುದು ವೆಜ್‌ನ (ಫೇಸ್ ಹೆಚ್ಚು ಓರೆಯಾಗಿರುವ, ಹತ್ತಿರದ ಹೊಡೆತದ ಕ್ಲಬ್) ತಳದಲ್ಲಿರುವ ಉಬ್ಬು, ಅಂದರೆ ಬೌನ್ಸ್. ಅಮೆರಿಕದ ಗಾಲ್ಫ್ ಆಟಗಾರ ಜೀನ್ ಸರಾಜೆನ್ ತನ್ನ ಕ್ಲಬ್‌ನ ತಳಕ್ಕೆ ಲೋಹದ ಬೆಸುಗೆ ಹಾಕಿ ಈ ಉಬ್ಬು ಮಾಡಿಕೊಂಡು, 1932ರ ಬ್ರಿಟಿಷ್ ಓಪನ್ ಗೆದ್ದ. ಇವತ್ತಿನ ಸ್ಯಾಂಡ್ ವೆಜ್‌ಗಳೆಲ್ಲ, ಅಂದರೆ ಮರಳಿಗೆಂದೇ ಮಾಡಿದ ವೆಜ್‌ಗಳೆಲ್ಲ, ಅದರ ಮೊಮ್ಮಕ್ಕಳೇ.

ಮೊದಲು ಫೇಸ್ ತೆರೆಯುವ ವಿಧಾನ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಮರಳು ಒಣಗಿ ಸಡಿಲವಾಗಿರುವಾಗ ಇದರಷ್ಟು ಖುಷಿ ಕೊಡುವ ಹೊಡೆತ ಇನ್ನೊಂದಿಲ್ಲ. ಫೇಸ್ ತೆರೆದಷ್ಟೂ ಲಾಫ್ಟ್ (ಚೆಂಡನ್ನು ಮೇಲೆತ್ತುವ ಓರೆ) ಹೆಚ್ಚುತ್ತದೆ, ಬೌನ್ಸ್ ಕೂಡ ಜಾಸ್ತಿ ಕೆಲಸ ಮಾಡುತ್ತದೆ. ಹಾಗಾಗಿ ಕ್ಲಬ್ ಮರಳಲ್ಲಿ ಹೂತುಕೊಳ್ಳುವುದಿಲ್ಲ. ಚೆಂಡು ಮೇಲೆದ್ದು, ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಮೆತ್ತಗೆ ಕೂರುತ್ತದೆ. ಎದುರಿನ ಲಿಪ್ (ಬಂಕರ್‌ನ ಅಂಚು) ಎದೆಮಟ್ಟ ಇದ್ದರೆ, ಕುಳಿಯ ಧ್ವಜ ಹತ್ತಿರದಲ್ಲೇ ಇದ್ದರೆ ನಾನು ಬೇರೆ ಯೋಚನೆ ಮಾಡುವುದೇ ಇಲ್ಲ. ಆದರೆ ಫೇಸ್ ಎಷ್ಟು ತೆರೆಯಬೇಕು, ಪಾದ ಎಷ್ಟು ತಿರುಗಿಸಬೇಕು, ಸ್ವಿಂಗ್ ಎಷ್ಟು ದೊಡ್ಡದಿರಬೇಕು ಅನ್ನೋ ಮೂರೂ ಹೊಂದಬೇಕು. ಒಂದು ತಪ್ಪಿದರೂ ಚೆಂಡು ಗಿಡ್ಡಕ್ಕೆ ಬೀಳುತ್ತದೆ, ಇಲ್ಲವೇ ಬಲಕ್ಕೆ ಸರಿಯುತ್ತದೆ. ವಾರಕ್ಕೊಂದು ಸಲ ಆಡುವವರಿಗೆ ಇದು ಸ್ವಲ್ಪ ದುಬಾರಿ.

ಇನ್ನೊಂದು ಸಣ್ಣ ವಿಷಯ. ಮೊದಲು ಫೇಸ್ ತೆರೆಯಬೇಕು, ಆಮೇಲೆ ಹಿಡಿಯಬೇಕು. ಹಿಡಿದಾದ ಮೇಲೆ ಮಣಿಕಟ್ಟು ತಿರುಗಿಸಿ ತೆರೆದರೆ, ಕೆಳಗೆ ಬರುವಷ್ಟರಲ್ಲಿ ಫೇಸ್ ಮತ್ತೆ ಮುಚ್ಚಿಕೊಂಡಿರುತ್ತದೆ.

ನೇರ ವಿಧಾನದಲ್ಲಿ ಇಷ್ಟು ಲೆಕ್ಕಾಚಾರ ಇಲ್ಲ. ಚೆಂಡು ಎಡ ಹಿಮ್ಮಡಿಯ ನೇರಕ್ಕೆ, ಭಾರ ಎಡಗಾಲಿನ ಮೇಲೆ, ಫೇಸ್ ಒಂಚೂರು ಮಾತ್ರ ತೆರೆದಿರಬೇಕು. ಭಾರ ಕೊನೆವರೆಗೂ ಎಡಗಾಲಲ್ಲೇ ಉಳಿದರೆ ಕ್ಲಬ್ ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಮರಳಿಗೆ ಇಳಿಯುತ್ತದೆ. ನನಗೆ ಇದರಲ್ಲಿ ಇಷ್ಟವಾದದ್ದು ಅದೇ. ಚೆಂಡು ಹೊರಟ ದಿಕ್ಕಿನಲ್ಲೇ ಓಡುತ್ತದೆ, ಪಕ್ಕಕ್ಕೆ ಎಳೆಯುವುದು ಕಡಿಮೆ. ಎತ್ತರ ಮಾತ್ರ ಅಷ್ಟು ಸಿಗಲ್ಲ. ಬಿದ್ದ ಮೇಲೆ ಸ್ವಲ್ಪ ಜಾಸ್ತಿ ಉರುಳುತ್ತದೆ, ಅದಕ್ಕೆ ಜಾಗ ಬೇಕು. ಹೊಸದಾಗಿ ಕಲಿಯುವವರು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಬಂಕರ್‌ನಿಂದ ಒಂದೇ ಏಟಿಗೆ ಹೊರಗೆ ಬಂದರೆ ಸಾಕು ಅಲ್ವಾ? ಅಮೆರಿಕದ ವೃತ್ತಿಪರ ಪಂದ್ಯಸರಣಿಯಾದ ಪಿಜಿಎ ಟೂರ್‌ನ ಆಟಗಾರರೇ ಗ್ರೀನ್ ಪಕ್ಕದ ಬಂಕರ್‌ನಿಂದ ಎರಡು ಏಟಿನಲ್ಲಿ ಕುಳಿ ಮುಟ್ಟಿಸೋದು ಸರಾಸರಿ ನೂರಕ್ಕೆ ಐವತ್ತರಷ್ಟು ಸಲ ಮಾತ್ರ.

ಮಳೆಗಾಲ ಬಂತೆಂದರೆ ಈ ಪಂಗಡದ ಜಗಳವೇ ಪಕ್ಕಕ್ಕೆ ಸರಿಯುತ್ತದೆ. ಆಗ ವೆಜ್ ಯಾವುದು ಅನ್ನೋದೇ ಮುಖ್ಯ. ನೀರು ಕುಡಿದು ಗಟ್ಟಿಯಾದ ಮರಳಲ್ಲಿ 14 ಡಿಗ್ರಿ ಬೌನ್ಸ್ (ಡಿಗ್ರಿ ಹೆಚ್ಚಿದಷ್ಟೂ ಉಬ್ಬು ಹೆಚ್ಚು) ಇರುವ ವೆಜ್‌ನ ಫೇಸ್ ತೆರೆದು ಹೊಡೆಯಿರಿ, ತಳ ಮರಳಿಗೆ ಬಡಿದು ಪುಟಿಯುತ್ತದೆ, ಕ್ಲಬ್‌ನ ಅಂಚು ನೇರ ಚೆಂಡಿನ ಹೊಟ್ಟೆಗೆ ತಾಗುತ್ತದೆ. ಚೆಂಡು ಗ್ರೀನ್ ದಾಟಿ ಆಚೆ ಹೋಗುತ್ತದೆ. ಬೇಸಿಗೆಯಲ್ಲಿ ಕಾಪಾಡಿದ ಬೌನ್ಸ್ ಜುಲೈನಲ್ಲಿ ಕೈಕೊಡೋದು ಹೀಗೆ. ಅದಕ್ಕೇ ಮಳೆಯ ದಿನಗಳಲ್ಲಿ ನಾನು 8 ಡಿಗ್ರಿ ಬೌನ್ಸ್‌ನ ವೆಜ್ ತೆಗೆದುಕೊಳ್ಳುತ್ತೇನೆ. ಫೇಸ್ ಹೆಚ್ಚುಕಡಿಮೆ ನೇರ, ಮರಳಿಗೆ ಇಳಿಯುವ ಜಾಗ ಚೆಂಡಿಗೆ ಇನ್ನೂ ಹತ್ತಿರ, ಸ್ವಿಂಗ್ ಗಿಡ್ಡ. ಒದ್ದೆ ಮರಳಿನಿಂದ ಚೆಂಡು ಬೇಗ ಹೊರಡುತ್ತದೆ, ಜೋರು ಬೇಕಿಲ್ಲ. ನಿಲುವು ನೇರ ಪಂಗಡದ್ದೇ. ಬ್ಯಾಗಿನಲ್ಲಿ ಒಂದೇ ವೆಜ್‌ಗೆ ಜಾಗ ಅನ್ನುವವರಿಗೆ 10 ಡಿಗ್ರಿ ಬೌನ್ಸ್ ರಾಜಿ ಸೂತ್ರ. ಯಾವುದರಲ್ಲೂ ಅಮೋಘ ಅಲ್ಲ, ಯಾವುದರಲ್ಲೂ ಕೈಬಿಡಲ್ಲ.

ದೂರದ ಬಂಕರ್ ಹೊಡೆತ, ಅಂದರೆ ಮೂವತ್ತು ನಲವತ್ತು ಮೀಟರಿನದು, ನನ್ನ ಪ್ರಕಾರ ಗಾಲ್ಫ್‌ನಲ್ಲೇ ಕಷ್ಟದ್ದು. ಸ್ಯಾಂಡ್ ವೆಜ್ ಹಿಡಿದು ಮೈಯೆಲ್ಲ ಬಳಸಿ ಬೀಸುವುದು ಒಂದು ದಾರಿ. ಲಾಫ್ಟ್ ಕಡಿಮೆ ಇರುವ ಗ್ಯಾಪ್ ವೆಜ್ ಅಥವಾ ಪಿಚಿಂಗ್ ವೆಜ್ ತೆಗೆದುಕೊಂಡು, ಫೇಸ್ ಸ್ವಲ್ಪ ತೆರೆದು, ಎಂದಿನ ಬಂಕರ್ ಸ್ವಿಂಗ್ ಮಾಡುವುದು ಇನ್ನೊಂದು. ಲಿಪ್ ಗಿಡ್ಡ ಇದ್ದರೆ ಎರಡನೆಯದೇ ಒಳ್ಳೆಯದು, ಇದರಲ್ಲಿ ನನಗೆ ಅನುಮಾನ ಇಲ್ಲ. ಸ್ವಿಂಗ್ ದೊಡ್ಡದಾದಷ್ಟೂ ಮರಳಿಗೆ ಇಳಿಯುವ ಜಾಗ ತಪ್ಪುತ್ತದೆ.

ಅಭ್ಯಾಸಕ್ಕೂ ಎರಡು ಉಪಾಯ ಪ್ರಚಾರದಲ್ಲಿವೆ. ಚೆಂಡು ಒಂದು ನೋಟಿನ ಮೇಲೆ ಕೂತಿದೆ ಎಂದುಕೊಂಡು ನೋಟನ್ನೇ ಮರಳ ಸಮೇತ ಎತ್ತಿ ಹಾಕುವುದು ಒಂದು. ಅಭ್ಯಾಸದ ಬಂಕರ್‌ನಲ್ಲಿ ಗೆರೆ ಎಳೆದು, ಚೆಂಡೇ ಇಲ್ಲದೆ, ಕ್ಲಬ್ ಆ ಗೆರೆಯ ಮೇಲೇ ಇಳಿಯುವ ಹಾಗೆ ಹೊಡೆಯುತ್ತಾ ಹೋಗುವುದು ಇನ್ನೊಂದು. ನೋಟಿನ ಕಲ್ಪನೆ ಕೇಳಲು ಚೆಂದ, ಆದರೆ ಎಲ್ಲಿ ತಪ್ಪಿತು ಅಂತ ಅದು ಹೇಳಲ್ಲ. ಗೆರೆ ಹೇಳುತ್ತದೆ. ಪಂದ್ಯದಲ್ಲಿ ಮಾತ್ರ ಇದನ್ನೆಲ್ಲ ಮಾಡುವ ಹಾಗಿಲ್ಲ. ಅಭ್ಯಾಸದ ಬೀಸಿನಲ್ಲಿ ಮರಳು ಮುಟ್ಟಿದರೂ ದಂಡ, ಚೆಂಡಿನ ಹಿಂದೆ ಕ್ಲಬ್ ಊರಿದರೂ ದಂಡ.

ಮರಳಲ್ಲಿ ಹೂತ ಚೆಂಡಿಗೆ ಎರಡೂ ಪಂಗಡದ ಪಾಠ ನಡೆಯಲ್ಲ. ಫೇಸ್ ನೇರ ಇಟ್ಟು ಅಥವಾ ಒಂಚೂರು ಮುಚ್ಚಿ, ಕಡಿದಾಗಿ ಕೆಳಗೆ ಬಡಿಯಬೇಕು. ಫಾಲೋ ಥ್ರೂ, ಅಂದರೆ ಹೊಡೆದ ಮೇಲೂ ಬೀಸು ಮುಂದುವರಿಸುವುದು, ಬೇಡ. ಚೆಂಡು ಹೊರಗೆ ಬಂದು ದೂರ ಉರುಳುತ್ತದೆ, ಉರುಳಲಿ. ಲಿಪ್‌ನ ಬುಡದಲ್ಲೇ ಹೂತಿದ್ದರೆ? 2019ರಿಂದ ಇನ್ನೊಂದು ದಾರಿಯಿದೆ. ಚೆಂಡು ಆಡಲಾಗದ್ದು ಎಂದು ಹೇಳಿ, ಎರಡು ಏಟಿನ ದಂಡ ತೆತ್ತು, ಕುಳಿ ಮತ್ತು ಚೆಂಡಿನ ನೇರದಲ್ಲಿ ಹಿಂದಕ್ಕೆ ಹೋಗಿ ಬಂಕರ್ ಹೊರಗೆ ಡ್ರಾಪ್ ಮಾಡಬಹುದು, ಅಂದರೆ ಚೆಂಡನ್ನು ಕೈಯಿಂದ ಬೀಳಿಸಿ ಅಲ್ಲಿಂದ ಆಡಬಹುದು. ಒಂದೇ ಏಟಿನ ದಂಡಕ್ಕೆ ಬಂಕರ್ ಒಳಗೇ ಡ್ರಾಪ್ ಮಾಡುವ ಅವಕಾಶವೂ ಇದೆ. ಒಣ ಮರಳಾದರೆ ನಾನು ಒಂದು ಏಟು ತೆತ್ತು ಒಳಗೇ ಇರುತ್ತೇನೆ. ಒದ್ದೆ ಮರಳಾದರೆ ಎರಡು ತೆತ್ತು ಹೊರಗೆ ಬರುತ್ತೇನೆ.