ವಾಸ್ಕೊದ ಉಪ್ಪುಗಾಳಿಯಲ್ಲಿ ಬೈಕ್ ಚೈನ್ ಕ್ಲೀನಿಂಗ್ ಕಿಟ್: ಹಲವು ಮಳೆಗಾಲ ಬಳಸಿದ ಮೇಲೆ

ಆನ್‌ಲೈನಿನಲ್ಲಿ ಸಿಗುವ ಚೈನ್ ಕ್ಲೀನಿಂಗ್ ಕಿಟ್ಟಿನಲ್ಲಿ ಸಾಮಾನ್ಯವಾಗಿ ಮೂರು ವಸ್ತು ಇರುತ್ತವೆ. ಕ್ಲೀನರ್ ಸ್ಪ್ರೇ, ಲ್ಯೂಬ್ (ಚೈನಿಗೆ ಹಾಕುವ ಎಣ್ಣೆ) ಸ್ಪ್ರೇ, ಮೂರು ಬದಿಗೆ ಎಳೆಗಳಿರುವ ಬ್ರಶ್. ಬೇರೆ ಬೇರೆ ಕಂಪನಿಗಳು ಹೆಚ್ಚುಕಡಿಮೆ ಇದನ್ನೇ ಮಾರುತ್ತವೆ, ಹಾಗಾಗಿ ನನ್ನದು ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ಬೈಕ್ 150 ಸಿಸಿ. ಚೈನಿಗೆ ಮೇಲೆ ಮಾತ್ರ ಕವರ್, ಕೆಳಗಡೆ ಬಯಲು. 428 ಅಳತೆಯ ಸಾದಾ ಚೈನ್ (ಒಳಗೆ ರಬ್ಬರ್ ಉಂಗುರಗಳಿಲ್ಲದ್ದು), ಬಿಚ್ಚಲು ಬರುವ ಚೈನ್ ಲಾಕ್ ಇದೆ. ಗೋವಾದ ವಾಸ್ಕೊದಿಂದ ಜುವಾರಿನಗರಕ್ಕೆ ದಿನಾ ಕೆಲಸಕ್ಕೆ ಹೋಗಿಬರುವುದು, ಹಬ್ಬ ಜಾತ್ರೆ ಬಂದರೆ ಪೋಂಡಾ, ಮೊಲೆಂ ದಾಟಿ ಅನಮೋಡ ಘಾಟ್ ಹತ್ತಿ, ರಾಮನಗರ, ಅಳ್ನಾವರದ ಮೇಲೆ ಧಾರವಾಡಕ್ಕೆ ಹೋಗುವುದು.

ಕಿಟ್ಟಿನಲ್ಲಿ ಬ್ರಶ್ಶಿಗೆ ಪೂರ್ತಿ ಅಂಕ ಕೊಡುತ್ತೇನೆ, ಲ್ಯೂಬಿಗೆ ಮುಕ್ಕಾಲು, ಕ್ಲೀನರಿಗೆ ಅರ್ಧ. ಆದರೆ ಕಡಲ ಬದಿಯಲ್ಲಿ ಬೈಕ್ ಇಟ್ಟವರಿಗೆ ಇವು ಮೂರಕ್ಕಿಂತ ಮುಖ್ಯವಾದದ್ದು ಡಬ್ಬಿಯೊಳಗೆ ಬರುವುದೇ ಇಲ್ಲ. ಅದು ಒಂದು ಬಕೆಟ್ ಸಿಹಿನೀರು.

ಧಾರವಾಡದಲ್ಲಿ ನಾವೆಲ್ಲ ಚೈನ್ ತೊಳೆಯುತ್ತಿದ್ದದ್ದು ಚಿಮಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ. ಅಲ್ಲಿನ ಧೂಳಿಗೂ ಜಿಡ್ಡಿಗೂ ಅದು ಸಾಕು. ವಾಸ್ಕೊಕ್ಕೆ ಬಂದ ಮೇಲೆ ಅದೇ ರೀತಿ ತೊಳೆದು, ಒರೆಸಿ, ಎಣ್ಣೆ ಹಾಕಿಟ್ಟರೂ ವಾರದೊಳಗೆ ಪಟ್ಟಿಗಳ ಅಂಚಿನಲ್ಲಿ ಕೇಸರಿ ಬಣ್ಣ ಮೂಡುತ್ತಿತ್ತು. ನಮ್ಮ ಓಣಿಯ ಗ್ಯಾರೇಜಿನ ಹುಡುಗ ಬಾದಾಮಿ ಕಡೆಯವ. ಅವನು ಚೈನ್ ಮೇಲೆ ಬೆರಳಾಡಿಸಿ ಹೇಳಿದ್ದು ಇಷ್ಟೇ: "ಸರ, ಎಣ್ಣ್ಯಾಗ ಉಪ್ಪು ಕರಗೂದಿಲ್ರೀ. ಮೊದ್ಲ ನೀರ ತೋರಸ್ರಿ, ಆಮ್ಯಾಲೆ ಎಣ್ಣಿ."

ಅವನ ಮಾತು ರಸಾಯನಶಾಸ್ತ್ರದ ಪ್ರಕಾರವೂ ನೂರಕ್ಕೆ ನೂರು ಸರಿ. ಸೀಮೆಎಣ್ಣೆಯಾಗಲಿ ಸ್ಪ್ರೇ ಆಗಲಿ ಜಿಡ್ಡನ್ನು ಕರಗಿಸುತ್ತದೆ, ಉಪ್ಪನ್ನು ಕರಗಿಸುವುದಿಲ್ಲ. ಕಡಲ ಗಾಳಿ ಹೊತ್ತು ತಂದ ಉಪ್ಪು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಲ್ಲಿ ಬಂದು ಲೋಹದ ಮೇಲೆ ಕೂರುತ್ತದೆ. ಅಡುಗೆಯ ಉಪ್ಪು ಗಾಳಿಯ ತೇವಾಂಶ ಸುಮಾರು 75 ಪ್ರತಿಶತ ದಾಟಿದರೆ ತಾನಾಗಿಯೇ ನೀರೊಡೆಯುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಕಡಿಮೆ ತೇವಕ್ಕೇ ಒದ್ದೆಯಾಗುತ್ತದೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಆ ಮಟ್ಟಕ್ಕಿಂತ ಕೆಳಗಿಳಿಯುವುದೇ ಅಪರೂಪ. ಅಂದರೆ ಉಪ್ಪು ಕೂತ ಚೈನನ್ನು ಎಷ್ಟೇ ಒರೆಸಿ ಒಣಗಿಸಿದರೂ ರಾತ್ರಿ ಕಳೆಯುವುದರೊಳಗೆ ಅದು ಮತ್ತೆ ಒದ್ದೆ. ಆ ಉಪ್ಪುನೀರಿನ ತೆಳು ಪದರದಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ತುಕ್ಕು ಹಿಡಿಯುವ ಕ್ರಿಯೆಯೂ ವೇಗ ಪಡೆಯುತ್ತದೆ. ಮೇಲೆ ಎಣ್ಣೆ ಬಳಿದರೆ ಉಪ್ಪನ್ನು ಒಳಗಿಟ್ಟು ಬಾಗಿಲು ಹಾಕಿದಂತೆ.

ಹಾಗಾಗಿ ನನ್ನ ಕ್ರಮ ಈಗ ಹೀಗಿದೆ: ಮೊದಲು ನೀರು, ಆಮೇಲೆ ಸೀಮೆಎಣ್ಣೆ, ಕೊನೆಗೆ ಲ್ಯೂಬ್. ವಾರಕ್ಕೊಮ್ಮೆ ಬೈಕಿನ ಮೇಲೇ ಇದು ಮುಗಿಯುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಚೈನನ್ನು ಪೂರ್ತಿ ಬಿಚ್ಚಿ ತೊಳೆಯುತ್ತೇನೆ. ತುಕ್ಕು ಜೋರಾಗಿ ಹಿಡಿದಿದ್ದರೆ ಬಿಚ್ಚದೆ ಮಾಡುವ ಕೆಲಸ ಅರ್ಧಂಬರ್ಧವೇ. ಸ್ಪ್ರಾಕೆಟ್ಟಿನ (ಚೈನ್ ಸುತ್ತುವ ಹಲ್ಲಿನ ಚಕ್ರದ) ಹಲ್ಲುಗಳ ಮಧ್ಯೆ ಸಿಕ್ಕಿಕೊಂಡಿರುವ ಲಿಂಕುಗಳನ್ನು ಒಂದೊಂದಾಗಿ ಮಡಚಿ ನೋಡಲು ಆಗುವುದಿಲ್ಲ.

ಬಿಚ್ಚುವುದು ಕಷ್ಟದ ಕೆಲಸವಲ್ಲ, ಆದರೆ ಸೂಕ್ಷ್ಮ ಇದೆ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಂಜಿನ್ ಓಡಿಸಿ ಗೇರಿನಲ್ಲಿ ಚೈನ್ ತಿರುಗಿಸುತ್ತ ಬ್ರಶ್ ಹಿಡಿಯುವವರನ್ನು ನೋಡಿದ್ದೇನೆ. ಬಟ್ಟೆಯ ತುದಿ ಸಿಕ್ಕಿದರೆ ಬೆರಳು ಹೋಗುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಚಕ್ರವನ್ನು ಕೈಯಿಂದಲೇ ತಿರುಗಿಸಿ ಚೈನ್ ಲಾಕನ್ನು ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳ ಮೇಲೆ ತಂದುಕೊಳ್ಳಿ. ಅಲ್ಲಿ ಎರಡೂ ತುದಿಗಳನ್ನು ಹಲ್ಲು ಹಿಡಿದಿರುತ್ತದೆ, ಮತ್ತೆ ಜೋಡಿಸುವಾಗ ಎಳೆದಾಡುವ ಪಾಡಿರುವುದಿಲ್ಲ. ಆಕ್ಸಲ್ ನಟ್ ಸಡಿಲಿಸಿ ಚೈನಿನ ಬಿಗಿ ಹೊಂದಿಸುವ ಎರಡೂ ಬದಿಯ ಅಡ್ಜಸ್ಟರ್ ಸ್ವಲ್ಪ ಹಿಂದೆ ತಿರುಗಿಸಿಕೊಂಡರೆ ಇನ್ನೂ ಸಲೀಸು. ನೋಸ್ ಪ್ಲೇಯರಿನಿಂದ ಚೈನ್ ಲಾಕಿನ ಕ್ಲಿಪ್ಪನ್ನು ಪಿನ್ನಿನ ತಲೆಯಿಂದ ಜಾರಿಸಿ, ಇನ್ನೊಂದು ಕೈಯನ್ನು ಮೇಲೆ ಅಡ್ಡ ಹಿಡಿದಿರಿ. ಅದು ಚಿಮ್ಮಿ ಹೋದರೆ ಹುಲ್ಲಿನಲ್ಲಿ ಸಿಗುವ ವಸ್ತುವಲ್ಲ.

ಚೈನ್ ಎಳೆದುಕೊಳ್ಳುವ ಮುಂಚೆ ಅದರ ಒಂದು ತುದಿಗೆ ಹಳೆಯ ಚೈನೊಂದನ್ನು ಅದೇ ಲಾಕಿನಿಂದ ಸಿಕ್ಕಿಸಿ. ತೊಳೆಯಬೇಕಾದ ಚೈನ್ ಹೊರಬರುತ್ತ ಹಳೆಯದು ಮುಂದಿನ ಸ್ಪ್ರಾಕೆಟ್ ಸುತ್ತಿ ಒಳಗೆ ಕೂರುತ್ತದೆ. ವಾಪಸ್ ಹಾಕುವಾಗ ಇದೇ ಕೆಲಸ ಹಿಂದುಮುಂದಾಗಿ. ಎಂಜಿನ್ ಬದಿಯ ಕವರ್ ಬಿಚ್ಚುವ ತಾಪತ್ರಯವೇ ಇಲ್ಲ. ಹಳೆಯ ಚೈನನ್ನು ಗುಜರಿಗೆ ಹಾಕದೆ ಒಂದು ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ. ಬಿಚ್ಚಿದ ಮೇಲೆ ಮುಂದಿನ ಸ್ಪ್ರಾಕೆಟ್ ಸುತ್ತ ಕಟ್ಟಿಕೊಂಡ ಕರಿ ಕೆಸರನ್ನು ಮಾತ್ರ ಕವರ್ ತೆಗೆದೇ ಕೆರೆಯಬೇಕು, ಅದನ್ನು ವರ್ಷಕ್ಕೊಮ್ಮೆ ಮಾಡುತ್ತೇನೆ.

ಈಗ ತುಕ್ಕಿನ ವಿಷಯ. ಹೊರ ಪಟ್ಟಿಗಳ ಮೇಲಿನ ತುಕ್ಕು ನೋಡಲು ಕೆಟ್ಟದಾಗಿದ್ದರೂ ಅಪಾಯ ಕಡಿಮೆ. ಭಯಪಡಬೇಕಾದದ್ದು ಪಿನ್ನಿಗೂ ಅದರ ಸುತ್ತಲಿನ ಬುಷ್ಷಿಗೂ ಮಧ್ಯೆ ಹೊಕ್ಕ ತುಕ್ಕಿಗೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಆಕ್ರಮಿಸುತ್ತದೆ, ಆದ್ದರಿಂದ ಆ ಕೀಲು ಬಿಗಿಯುತ್ತದೆ. ಚೈನನ್ನು ಕೈಯಲ್ಲಿ ಇಳಿಬಿಟ್ಟಾಗ ನೇರವಾಗದೆ ಮಂಡಿ ಮಡಚಿದ ಹಾಗೆ ನಿಂತ ಲಿಂಕು ಕಂಡರೆ ಅದೇ. ಚೈನ್ ಉದ್ದವಾಯಿತು ಎಂದು ನಾವು ಹೇಳುವುದೂ ಈ ಜಾಗದ ಸವೆತವನ್ನೇ. ಪಟ್ಟಿಗಳು ಹಿಗ್ಗುವುದಿಲ್ಲ, ಪ್ರತಿ ಪಿನ್ನು ಬುಷ್ಷುಗಳ ಜೋಡಿ ಕೂದಲೆಳೆಯಷ್ಟು ಸವೆದು ಎಲ್ಲ ಸೇರಿ ಉದ್ದ ಬೆಳೆಯುತ್ತದೆ.

ಬಿಚ್ಚಿದ ಚೈನನ್ನು ಮೊದಲು ಹದ ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ನೆನೆಸುತ್ತೇನೆ. ಜಿಡ್ಡಿನ ಕೆಳಗೆ ಅಡಗಿದ ಉಪ್ಪಿಗೂ ನೀರು ತಾಗಬೇಕೆಂದು ಬ್ರಶ್ಶಿನಿಂದ ಉಜ್ಜಿ, ನೀರು ಬದಲಿಸಿ, ಮತ್ತೆ ಜಾಲಾಡಿಸುತ್ತೇನೆ. ಅನಮೋಡ ಇಳಿದು ಬಂದಾಗ ಹತ್ತಿದ ಕೆಂಪು ಮಣ್ಣೂ ಇಲ್ಲೇ ಹೋಗುತ್ತದೆ. ಅದು ಬಣ್ಣದಲ್ಲಿ ತುಕ್ಕನ್ನೇ ಹೋಲುವುದರಿಂದ ಚೈನ್ ಪೂರ್ತಿ ಕೆಟ್ಟಿತು ಎಂದು ಅನೇಕರು ಹೊಸದು ತಂದುಬಿಡುತ್ತಾರೆ. ಮೊದಲು ತೊಳೆದು ನೋಡಿ. ನೀರಿನಿಂದ ತೆಗೆದ ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ ಸೀಮೆಎಣ್ಣೆಗೆ ಬಿಡಬೇಕು. ಮಧ್ಯೆ ಚಹಾಕ್ಕೆ ಎದ್ದು ಹೋದರೆ ಬರಿಮೈ ಉಕ್ಕು ಕಣ್ಣೆದುರಿಗೇ ಬಣ್ಣ ತಿರುಗುತ್ತದೆ.

ಕಿಟ್ಟಿನ ಕ್ಲೀನರ್ ಸ್ಪ್ರೇಗೆ ಅರ್ಧ ಅಂಕ ಕೊಟ್ಟದ್ದು ಇಲ್ಲಿ. ಅದು ಕೆಲಸ ಮಾಡುತ್ತದೆ, ಜಿಡ್ಡು ಬೇಗ ಬಿಡುತ್ತದೆ, ಕೈ ವಾಸನೆ ಹಿಡಿಯುವುದಿಲ್ಲ. ಆದರೆ ಡಬ್ಬಿ ಬೇಗ ಬರಿದಾಗುತ್ತದೆ, ಸಣ್ಣ ಕೊಳವೆ ಮೂತಿಯಿಂದ ಕಳಚಿ ಬೀಳುತ್ತಲೇ ಇರುತ್ತದೆ. ಬೈಕಿನ ಮೇಲೇ ಮಾಡುವ ವಾರದ ಕೆಲಸಕ್ಕೆ ಸರಿ, ಬಿಚ್ಚಿದ ಚೈನನ್ನು ಮುಳುಗಿಸಲು ಸೀಮೆಎಣ್ಣೆಯೇ ಬೇಕು. ರೇಷನ್ ಅಂಗಡಿಯ ಕಾಲ ಹೋಯಿತು, ಈಗ ಸೀಮೆಎಣ್ಣೆ ಸುಲಭಕ್ಕೆ ಸಿಗುವುದಿಲ್ಲ. ಸಿಗದಿದ್ದರೆ ಡೀಸೆಲ್ ನಡೆಯುತ್ತದೆ, ಒರೆಸುವುದು ಮಾತ್ರ ಹೆಚ್ಚು. ಪೆಟ್ರೋಲ್ ಬೇಡವೇ ಬೇಡ. ಅದರ ಆವಿ ಮನೆಯೊಳಗೆ ನೆಲ ಹಿಡಿದು ಹರಿದು ಅಡುಗೆಮನೆಯ ಕಿಡಿಗೆ ಮುಟ್ಟಬಹುದು.

ಬ್ರಶ್ಶನ್ನು ಹೊಗಳದೆ ಇರಲಾರೆ. ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ ಬಾಗಿರುವುದರಿಂದ ಚೈನಿನ ಮೇಲೂ ಎರಡು ಬದಿಗೂ ಒಟ್ಟಿಗೆ ಕೂರುತ್ತದೆ, ಇನ್ನೊಂದು ತುದಿಯ ಉದ್ದ ಎಳೆಗಳು ರೋಲರುಗಳ ಸಂದಿಗೆ ಇಳಿಯುತ್ತವೆ. ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಒಂದು ತಾಸು ಹಿಡಿಯುವ ಕೆಲಸ ಇದರಿಂದ ಕಾಲು ತಾಸಿಗೆ ಇಳಿಯುತ್ತದೆ. ಎಳೆಗಳು ವರ್ಷ ಕಳೆದ ಮೇಲೆ ಮಲಗುತ್ತವೆ, ಆಗ ಬ್ರಶ್ ಒಂದನ್ನೇ ಬಿಡಿಯಾಗಿ ಕೊಳ್ಳಬಹುದು. ಹೊರಪಟ್ಟಿಯ ಗಟ್ಟಿ ತುಕ್ಕಿಗೆ ಸಾದಾ ಚೈನಾದರೆ ಹಿತ್ತಾಳೆ ತಂತಿಯ ಬ್ರಶ್ ಹಗುರಾಗಿ ಆಡಿಸಬಹುದು.

ತುಕ್ಕು ತೆಗೆಯಲು ಬಾತ್‌ರೂಮ್ ಆ್ಯಸಿಡ್, ವಿನೆಗರ್‌ಗಳಲ್ಲಿ ಚೈನ್ ಅದ್ದಿ ತೋರಿಸುವ ವೀಡಿಯೊಗಳು ಸಾಕಷ್ಟಿವೆ. ಚೈನ್ ಫಳಫಳ ಆಗುವುದೂ ನಿಜ. ಆದರೆ ಚೈನ್ ಮಾಡುವುದು ಹದಗೊಳಿಸಿದ ಗಟ್ಟಿ ಉಕ್ಕಿನಿಂದ. ಆ್ಯಸಿಡ್ ತಾಗಿದಾಗ ಹುಟ್ಟುವ ಹೈಡ್ರೋಜನ್ ಅಂಥ ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸು ಮಾಡುತ್ತದೆ, ಆಮೇಲೆ ಭಾರ ಬಿದ್ದಾಗ ಪಟ್ಟಿ ಬಿರುಕು ಬಿಡಬಹುದು. ಓಡುವ ಬೈಕಿನ ಚೈನ್ ತುಂಡಾಗಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ದಯವಿಟ್ಟು ಇದನ್ನು ಮಾಡಬೇಡಿ.

ಇನ್ನು ಲ್ಯೂಬ್. ನನ್ನದು ಸಾದಾ ಚೈನ್ ಆದ್ದರಿಂದ ಬಿಚ್ಚಿ ತೊಳೆದ ದಿನ ಅದನ್ನು 90 ನಂಬರಿನ ಗೇರ್ ಆಯಿಲ್‌ನಲ್ಲಿ ಮುಳುಗಿಸಿಟ್ಟು, ಬಿಗಿದ ಕೀಲುಗಳನ್ನು ಎಣ್ಣೆಯೊಳಗೇ ಮಡಚಿ ಬಿಡಿಸುತ್ತೇನೆ. ರಾತ್ರಿ ಮೊಳೆಗೆ ನೇತುಹಾಕಿ ಕೆಳಗೆ ತಟ್ಟೆ ಇಟ್ಟರೆ ಬೆಳಗ್ಗೆ ಒರೆಸಿ ಹಾಕಬಹುದು. ಆ ಎಣ್ಣೆ ಪಿನ್ನಿನವರೆಗೆ ಇಳಿಯುತ್ತದೆ. ಅದರ ದೋಷವೆಂದರೆ ಓಡುವಾಗ ಸಿಡಿಯುತ್ತದೆ, ಮಳೆಯಲ್ಲಿ ಬೇಗ ತೊಳೆದುಹೋಗುತ್ತದೆ. ಸ್ಪ್ರೇ ಲ್ಯೂಬ್ ಗೆಲ್ಲುವುದು ಇಲ್ಲಿ. ಅದರೊಳಗಿನ ದ್ರಾವಕ ಲ್ಯೂಬನ್ನು ಒಳಗೆ ಸಾಗಿಸಿ ತಾನು ಆರಿಹೋಗುತ್ತದೆ, ಅಂಟುವ ಪದರ ಉಳಿಯುತ್ತದೆ, ಜುವಾರಿನಗರದ ಏರಿನಲ್ಲಿ ನೀರು ಹರಿಯುವ ದಿನಗಳಲ್ಲೂ ಅದು ನಿಲ್ಲುತ್ತದೆ. ಒಂದು ಸವಾರಿ ಮುಗಿಸಿ ಚೈನ್ ಬೆಚ್ಚಗಿರುವಾಗ, ಕೆಳಗಿನ ಸಾಲಿನ ಒಳಮೈಗೆ, ಹಿಂದೆ ರಟ್ಟು ಹಿಡಿದು ಹೊಡೆಯಬೇಕು. ಓಡುವಾಗ ಅದು ತಾನೇ ಹೊರಮುಖವಾಗಿ ಹರಡುತ್ತದೆ. ರಟ್ಟು ಇಲ್ಲದಿದ್ದರೆ ಟಯರಿಗೋ ಡಿಸ್ಕಿಗೋ ಬಿದ್ದು ಜಾರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಅರ್ಧ ತಾಸು ಬಿಟ್ಟು ಹೊರಗಿನದನ್ನು ಒರೆಸಿಬಿಡಿ. ಕಾಲಂಶ ಅಂಕ ಕಡಿದದ್ದು ಬೇಸಿಗೆಗೆ: ಒರೆಸದೆ ಬಿಟ್ಟ ಅಂಟಿಗೆ ಕೆಂಪು ಮಣ್ಣು ಹತ್ತಿ ಚೈನನ್ನೂ ಹಲ್ಲುಗಳನ್ನೂ ಮಸೆಯುತ್ತದೆ. ಒಣ ದಿನಗಳಲ್ಲಿ 500 ಕಿ.ಮೀ.ಗೆ ಒಮ್ಮೆ ಸಾಕು, ಮಳೆಗಾಲದಲ್ಲಿ ಅಷ್ಟು ಕಾಯುವಂತಿಲ್ಲ.

ಓ-ರಿಂಗ್ ಚೈನ್ ಇರುವವರು ಈ ಮೇಲಿನದರಲ್ಲಿ ಅರ್ಧವನ್ನು ಬಿಡಬೇಕು. ಅದರ ಪಿನ್ನುಗಳ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ರಬ್ಬರ್ ಉಂಗುರಗಳಿಂದ ಮುಚ್ಚಿರುತ್ತಾರೆ. ಪೆಟ್ರೋಲ್, ತಂತಿ ಬ್ರಶ್ ಎರಡೂ ಆ ಉಂಗುರಗಳಿಗೆ ವೈರಿ. ಪ್ರೆಶರ್ ವಾಷರಿನ ನೀರು ಉಂಗುರ ದಾಟಿ ಒಳಹೊಕ್ಕರೆ ಹೊರಬರುವುದಿಲ್ಲ. ಹೆಚ್ಚಿನವಕ್ಕೆ ರಿವೆಟ್ ಹೊಡೆದಿರುವುದರಿಂದ ಮನೆಯಲ್ಲಿ ಬಿಚ್ಚುವ ಮಾತೂ ಇಲ್ಲ. ಬೈಕಿನ ಮೇಲೇ ಸೋಪುನೀರು, ಓ-ರಿಂಗಿಗೆ ಆಗುವ ಕ್ಲೀನರ್, ಲ್ಯೂಬ್. ಇಂಥ ಚೈನಿಗೆ ಕಿಟ್ ಇದ್ದ ಹಾಗೇ ಸರಿಹೊಂದುತ್ತದೆ.

ಚೈನ್ ವಾಪಸ್ ಹಾಕುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಮೇಲಿನ ಸಾಲಿನಲ್ಲಿ ನೋಡಿದರೆ ಅದು ಬೈಕಿನ ಮುಂದಕ್ಕೆ. ತಿರುಗುಮುರುಗಾದರೆ ಕಲ್ಲೋ ಕಡ್ಡಿಯೋ ತಾಗಿ ಕ್ಲಿಪ್ ಹಾರುತ್ತದೆ. ಪ್ರತಿ ಸಲ ಹೊಸ ಕ್ಲಿಪ್ ಹಾಕುತ್ತೇನೆ, ಸ್ಪೇರ್ ಅಂಗಡಿಯಲ್ಲಿ ಪೂರ್ತಿ ಚೈನ್ ಲಾಕಿಗೇ ಕೊಡುವುದು ಚಿಲ್ಲರೆ ಹಣ. ಇನ್ನೊಂದು ಸೀಟಿನ ಕೆಳಗೆ ಇರುತ್ತದೆ, ಏಕೆಂದರೆ ಮೊಲೆಂ ದಾಟಿದ ಮೇಲೆ ಕಾಡಿನ ದಾರಿಯಲ್ಲಿ ಅಂಗಡಿ ಇಲ್ಲ. ಸಡಿಲು ಎಷ್ಟಿರಬೇಕೆಂದು ಬೈಕಿನ ಪುಸ್ತಕದಲ್ಲಿ ಬರೆದಿರುತ್ತದೆ, ನನ್ನದಕ್ಕೆ 25ರಿಂದ 30 ಮಿ.ಮೀ.

ಚೈನ್ ಹೊರಗಿರುವಾಗಲೇ ಅಳತೆಯನ್ನೂ ಮಾಡಿಬಿಡಿ. 428 ಚೈನಿನ ಒಂದು ಪಿನ್ನಿನ ನಡುವಿನಿಂದ ಮುಂದಿನದರ ನಡುವಿಗೆ 12.7 ಮಿ.ಮೀ., ಅಂದರೆ 20 ಲಿಂಕುಗಳನ್ನು ಬಿಗಿಯಾಗಿ ಎಳೆದು ಹಿಡಿದರೆ 254 ಮಿ.ಮೀ. ಬರಬೇಕು. 259 ಮುಟ್ಟಿದರೆ ತೊಳೆಯುವ ಶ್ರಮ ವ್ಯರ್ಥ, ಎರಡು ಸ್ಪ್ರಾಕೆಟ್ಟಿನ ಸಮೇತ ಸೆಟ್ ಬದಲಿಸಿ. ಸವೆದ ಹಲ್ಲಿಗೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ.

ಕೊಳೆಯಾದ ಸೀಮೆಎಣ್ಣೆಯನ್ನು ಗಟಾರಕ್ಕೆ ಸುರಿಯಬೇಡಿ, ಇಲ್ಲಿ ಮಳೆನೀರಿನೊಂದಿಗೆ ಅದು ಸೇರುವುದು ಕಡಲಿಗೆ. ಮುಚ್ಚಳದ ಡಬ್ಬಿಯಲ್ಲಿ ಒಂದೆರಡು ದಿನ ಅಲುಗದೆ ಇಟ್ಟರೆ ಕೆಸರು ತಳ ಹಿಡಿಯುತ್ತದೆ, ಮೇಲಿನ ತಿಳಿಯನ್ನು ಬಸಿದು ಮುಂದಿನ ಸಲಕ್ಕೆ ಬಳಸಬಹುದು. ತಳದ ಕೆಸರನ್ನು ಓಣಿಯ ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಡ್ರಮ್ಮಿಗೆ ಹಾಕಬಹುದೇ ಎಂದು ಕೇಳಿ. ನಮ್ಮ ಬಾದಾಮಿಯ ಹುಡುಗ ಇಲ್ಲ ಅನ್ನುವುದಿಲ್ಲ.